ಹೊಂಬಳಗಟ್ಟಿಯ ಐವತ್ತೊಂಬತ್ತನೇ ಹರಕೆ

ಹೊಂಬಳಗಟ್ಟಿ,
ಕಾಯುಮಾಸದ ಐವತ್ತೆರಡನೇ ದಿನ, ಸೋಮವಾರ.
ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂದು.

ನಗರಸಭೆಯಲ್ಲಿ ಈ ವರ್ಷದ ಗುರಿಗಳನ್ನು ಬರೆಯಲು ಕೂತಿರುವ ಹಿರಿಯರಿಗೆ ಹೂಗಾರ ಬಸಲಿಂಗವ್ವನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮ ಹಿಂದಿನವರು ಜ್ಯೇಷ್ಠ, ಆಷಾಢ ಎರಡನ್ನೂ ಕೂಡಿಸಿ ಒಂದೇ ತಿಂಗಳು ಮಾಡಿದರು. ಮಳೆ ಕಾಯುವುದು ಬಿಟ್ಟರೆ ಆಗ ಬೇರೆ ಕೆಲಸವಿಲ್ಲ, ಅದಕ್ಕೇ ಕಾಯುಮಾಸ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ನನಗೆ ತಿಳಿಯದು. ಇದನ್ನು ಹಿನ್ನೋಲೆ ಎನ್ನುತ್ತಾರೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಹಳೆಯ ನಗರಸಭೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರೆ ನಿಮ್ಮ ಕಡತದೊಳಗೆ ಸಿಗುತ್ತದಂತೆ. ನಾನು ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವಳು. ವಯಸ್ಸು ಐವತ್ತು. ನನ್ನ ಮಾತು ಒರಟಾಗಿ ಕಂಡರೆ, ಶಬ್ದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಗುರಿಪಟ್ಟಿ ನಮ್ಮ ಹತ್ತಿರ ಇದೆ. ದೊಡ್ಡ ಬರ ಬಂದಾಗ ಊರು ಮುಕ್ಕಾಲು ಖಾಲಿಯಾಯಿತು. ಉಳಿದವರಿಗೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತೋಚುತ್ತಿರಲಿಲ್ಲವಂತೆ. ಆಗ ಯಾರೋ ನಗರಸಭೆಯ ಪೆಟ್ಟಿಗೆ ತೆರೆದರು. ಅದರಲ್ಲಿ ನಿಮ್ಮ ಪಟ್ಟಿ ಇತ್ತು, ಅರವತ್ತೊಂದು ಸಾಲು. ಮೊದಲನೆಯದು, ಸಂತೆಪೇಟೆಯ ಗಟಾರ ಕಟ್ಟುವುದು. ಎರಡನೆಯದು, ಹೆಣ್ಣುಮಕ್ಕಳ ಸಾಲೆಯ ಮಾಳಿಗೆ ರಿಪೇರಿ. ಮೂರನೆಯದು, ಆಸ್ಪತ್ರೆಯ ಬೋರಿಗೆ ಕೈಪಂಪು. ಅವರು ಗಟಾರ ಕಟ್ಟಿದರು. ಮರುವರ್ಷ ಮಾಳಿಗೆ ಹೊದಿಸಿದರು. ಹಾಗೆ ಒಂದೊಂದೇ ಸಾಲು ಹಿಡಿದು ಜನ ಬದುಕಿಕೊಂಡರು. ಇದು ಹಿರಿಯರು ದೇವರಿಗೆ ಹೊತ್ತ ಹರಕೆ, ತೀರಿಸದೆ ಹೋದವರ ಪರವಾಗಿ ನಾವು ತೀರಿಸಬೇಕು ಎಂದು ಊರು ನಂಬಿತು. ನಾನೂ ನಂಬಿದೆ. ಪಟ್ಟಿಗೆ ನಾವು ಗುರಿ ಎನ್ನುವುದಿಲ್ಲ, ಊರಹರಕೆ ಎನ್ನುತ್ತೇವೆ.

ವರ್ಷಕ್ಕೊಮ್ಮೆ ಕಾಯುಮಾಸದ ಮೊದಲ ಸೋಮವಾರ ಪಟ್ಟಿಯನ್ನು ಜನರ ಮುಂದೆ ಓದುತ್ತೇವೆ. ಓದುವವಳು ಲಿಂಗಪೂಜೆ ತಪ್ಪಿಸದವಳಾಗಿರಬೇಕು, ಉಪವಾಸವಿರಬೇಕು. ಹದಿನೆಂಟು ವರ್ಷದಿಂದ ಆ ಕೆಲಸ ನನ್ನದು. ಬೆಳಿಗ್ಗೆ ಮಠಕ್ಕೆ ಬಿಲ್ವಪತ್ರೆ ಕೊಟ್ಟು, ವಿಭೂತಿ ಹಚ್ಚಿಕೊಂಡು, ನಗರಸಭೆಯ ಮೆಟ್ಟಿಲ ಮೇಲೆ ನಿಂತು ಓದುತ್ತೇನೆ. ಓದಿದ ಸಾಲುಗಳಲ್ಲಿ ಮುಗಿಯದೆ ಉಳಿದ ಮೊದಲನೆಯದಕ್ಕೆ ಪ್ರತಿ ಮನೆಯೂ ಆ ವರ್ಷ ನಲವತ್ತು ದಿನ ಮೈದುಡಿಮೆ ಕೊಡಬೇಕು. ಓದದೆ ಬಿಟ್ಟ ಸಾಲು ಹಾಗೇ ಉಳಿಯುತ್ತದೆ. ಆದರೆ ಯಾವ ಓದುಗಿತ್ತಿಯೂ ಇಲ್ಲಿವರೆಗೆ ಒಂದು ಸಾಲನ್ನೂ ಬಿಟ್ಟಿಲ್ಲ.

ನೀವು ಬರೆದ ಐವತ್ತೊಂಬತ್ತನೇ ಸಾಲು ಹೀಗಿದೆ: ಮುಂದಿನ ಇಪ್ಪತ್ತೈದು ವರ್ಷಗಳ ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡು ನಗರದ ಸುತ್ತ ನಾಲ್ಕು ಪಥದ ವರ್ತುಲ ರಸ್ತೆ, ಹದಿನಾಲ್ಕು ಕಿಲೋಮೀಟರು. ನಮ್ಮ ಊರಲ್ಲಿ ಈಗ ಒಂಬತ್ತು ಸಾವಿರ ಜನ. ಬಂಡಿ ಎಂದರೆ ತಳ್ಳುಬಂಡಿ, ಎತ್ತಿನ ಬಂಡಿ. ಆದರೂ ಹನ್ನೊಂದು ವರ್ಷ ಕಲ್ಲು ಒಡೆದು, ಹೊತ್ತು, ಹಾಸಿ ಹದಿಮೂರೂವರೆ ಕಿಲೋಮೀಟರು ಮಾಡಿದ್ದೆವು. ಉಳಿದ ಅರ್ಧ ಕಿಲೋಮೀಟರು ನಿಮ್ಮ ನಕ್ಷೆಯಲ್ಲಿ ನೇಕಾರ ಓಣಿಯ ನಟ್ಟನಡುವೆ ಹಾಯುತ್ತದೆ. ಆ ಓಣಿಯಲ್ಲಿ ಮೂವತ್ತೊಂದು ಮನೆ, ಒಂದು ಸಿಹಿನೀರ ಬಾವಿ. ಅದರಲ್ಲಿ ಒಂದು ಮನೆ ನನ್ನ ತಂಗಿ ಶಂಕ್ರವ್ವನದು. ಅವಳ ಗಂಡ ತೀರಿಕೊಂಡು ಆರು ವರ್ಷ. ಮಗ್ಗ ಒಂದೇ ಅವಳ ಬದುಕು. ಮಗ್ಗದ ಗುಂಡಿ ನೆಲದಲ್ಲಿರುತ್ತದೆ, ಅದನ್ನು ಹೊತ್ತೊಯ್ಯಲು ಬರುವುದಿಲ್ಲ.

ಈ ವರ್ಷದ ಓದಿನ ಹಿಂದಿನ ದಿನ ಮಧ್ಯಾಹ್ನ ಶಂಕ್ರವ್ವ ಬಂದಳು. ನಾನು ಪತ್ರೆ ಆರಿಸುತ್ತಿದ್ದೆ. ಅವಳೂ ಎದುರಿಗೆ ಕೂತು ಆರಿಸತೊಡಗಿದಳು.

"ಅಕ್ಕಾ, ನಾಳಿ ಆ ಸಾಲು ಬಂದಾಗ ಒಂದೀಟು ಕೆಮ್ಮಿಬಿಡು" ಅಂದಳು. "ಕೆಮ್ಮು ಮುಗಿಯೂದ್ರಾಗ ಮುಂದಿನ ಸಾಲಿಗೆ ಹೋಗು. ಯಾರು ಕೇಳ್ತಾರ?"

"ದೇವರ ಮುಂದ ಸುಳ್ಳು ಕೆಮ್ಮಲೇನ?"

"ಖರೇನ ಕೆಮ್ಮು. ಈ ಧೂಳಿನ್ಯಾಗ ಕೆಮ್ಮು ಇಲ್ಲದವರು ಯಾರದಾರ?"

ಅವಳು ಪತ್ರೆ ಪೂರ್ತಿ ಆರಿಸಿಕೊಟ್ಟು ಹೋದಳು.

ಮರುದಿನ ಮೆಟ್ಟಿಲ ಮೇಲೆ ಊರಹಿರಿಯ ವಿರುಪಣ್ಣ ನನ್ನ ಕೈಗೆ ಪಟ್ಟಿ ಕೊಡುತ್ತಾ ಮೆಲ್ಲಗೆ, "ಯವ್ವಾ, ಆ ರಸ್ತಾದ ಮ್ಯಾಲ ಏನೂ ಹೋಗೂದಿಲ್ಲಂತ ನನಗೂ ಗೊತ್ತೈತಿ. ಆದರ ಹಿರ್ಯಾರು ಬರದಿಟ್ಟಾರ. ನಾವು ಯಾರು ಬ್ಯಾಡ ಅನ್ನಾಕ?" ಅಂದ. ಕೆಳಗೆ ಕೂತ ಹೆಂಗಸರಲ್ಲಿ ಒಬ್ಬಳು, "ಶಾವಿಗಿ ಒಣಸಾಕ ಛಲೋ ಆಗ್ತದ ಬಿಡ್ರಿ, ನಾಕು ಪಥ ಅಂದ್ರ ನಾಕು ಓಣಿಯವರಿಗೆ ಸಾಕು" ಅಂದಳು. ಎಲ್ಲರೂ ನಕ್ಕರು. ನೇಕಾರ ಓಣಿಯವರೂ ನಕ್ಕರು.

ಐವತ್ತೊಂಬತ್ತನೇ ಸಾಲು ಬಂತು. ಶಂಕ್ರವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಗಂಟಲಲ್ಲಿ ಧೂಳು ನಿಜವಾಗಿಯೂ ಇತ್ತು. ನಾನು ಅದನ್ನು ನುಂಗಿ ಓದಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಓಣಿ ಕೆಡವುವ ದಿನ ಬೆಳಿಗ್ಗೆ ಶಂಕ್ರವ್ವ ಎದ್ದು ಮನೆಯ ಕಸ ಗುಡಿಸಿದಳು, ನೆಲ ಸಾರಿಸಿದಳು. ಆಮೇಲೆ ಹೊರಗೆ ಬಂದು ನಿಂತುಕೊಂಡಳು. ನಮ್ಮ ಮನೆಯ ದುಡಿಮೆಯ ಪಾಳಿ ಆ ಓಣಿಗೇ ಬಿದ್ದಿತ್ತು. ಅವಳ ಪಡಸಾಲೆಯ ಗೋಡೆಯ ಕಲ್ಲುಗಳನ್ನು ನಾನೂ ಹೊತ್ತೆ. ಮಗ್ಗದ ಗುಂಡಿಗೆ ಮಣ್ಣು ತುಂಬಿದೆವು. ಬಾವಿಗೆ ತುಂಬಲು ಎರಡು ದಿನ ಹಿಡಿಯಿತು. ನನಗೆ ಏನಾದರೂ ಅನ್ನಿಸುತ್ತದೆ ಎಂದು ಕಾದೆ. ಏನೂ ಅನ್ನಿಸಲಿಲ್ಲ. ಹಸಿವೆಯಾಗುತ್ತಿತ್ತು, ಉಣ್ಣುತ್ತಿದ್ದೆ. ಕೈ ತಾನಾಗಿಯೇ ಪೂಜೆ ಮಾಡುತ್ತಿತ್ತು. ರಸ್ತೆ ಮುಗಿದ ದಿನ ಊರೆಲ್ಲ ಸೇರಿ ಅದರ ಮೇಲೆ ಒಂದು ಸುತ್ತು ನಡೆದೆವು. ಬೆಳಿಗ್ಗೆ ಎಲ್ಲಿಂದ ಹೊರಟಿದ್ದೆವೋ ಸಂಜೆ ಅಲ್ಲಿಗೇ ಬಂದು ನಿಂತೆವು.

ಆಮೇಲಿನ ವಾರ ಪಟ್ಟಿಯನ್ನು ಪೆಟ್ಟಿಗೆಯಲ್ಲಿಡುವಾಗ ಅದರ ಹಿಂದಿನ ರಟ್ಟು ಗೆದ್ದಲು ಹಿಡಿದು ಬಿಚ್ಚಿಕೊಂಡಿತ್ತು. ಒಳಗೆ ಮಡಚಿದ ಇನ್ನೊಂದು ಹಾಳೆ ಇತ್ತು. ಅದೇ ಪಟ್ಟಿಯ ಕಚ್ಚಾ ಪ್ರತಿ. ಐವತ್ತೊಂಬತ್ತನೇ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಯಾರೋ ಬರೆದಿದ್ದರು: "ಪಟ್ಟಿ ತುಂಬಿದಂತೆ ಕಾಣಲಿ ಎಂದು ಹಾಕಿದೆ. ಮುಂದಿನ ವರ್ಷ ತೆಗೆಯುವುದು."

ನಾನು ಅದನ್ನು ಮೂರು ಸಲ ಓದಿದೆ. ಮನೆಗೆ ತಂದು ಶಂಕ್ರವ್ವನಿಗೆ ತೋರಿಸಿದೆ. ಈಗ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಜೋಳ ಹಸನು ಮಾಡುತ್ತಿದ್ದವಳು ಕೈ ಒರೆಸಿಕೊಂಡು ಹಾಳೆ ಹಿಡಿದು ಓದಿದಳು. "ಪಾಪ, ತೆಗಿಯೂದು ಮರತಿರಬೇಕು" ಅಂದಳು. ಹಾಳೆ ನನಗೆ ಕೊಟ್ಟು ಮತ್ತೆ ಮೊರ ಹಿಡಿದಳು. ನಮ್ಮಿಬ್ಬರ ನಡುವೆ ಅದರ ಮಾತು ಅಷ್ಟೇ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನೀವು ಬರೆದ ಗಟಾರ, ಮಾಳಿಗೆ, ಕೈಪಂಪಿನಿಂದ ನಾವು ಉಳಿದೆವು. ಅದಕ್ಕೆ ನಿತ್ಯ ನಿಮ್ಮ ಹೆಸರಲ್ಲಿ ಒಂದು ಪತ್ರೆ ಏರಿಸುತ್ತೇನೆ. ಹೆಸರು ಗೊತ್ತಿಲ್ಲ, ಹಿರಿಯರು ಎಂದು ಏರಿಸುತ್ತೇನೆ. ತಪ್ಪು ನನ್ನದೂ ಹೌದು. ದೇವರು ನನಗೆ ಗಂಟಲು ಕೊಟ್ಟಿದ್ದ, ಧೂಳನ್ನೂ ಕೊಟ್ಟಿದ್ದ. ನೀವು ಸುಮ್ಮನೆ ಬರೆದದ್ದನ್ನು ನಾನು ಅವನ ಮಾತು ಎಂದುಕೊಂಡೆ.

ಓದುವ ಕೆಲಸ ನಾನು ಬಿಟ್ಟೆ. ಬಿಡುವವಳಿಗೆ ಒಂದು ಹಿನ್ನೋಲೆ ಬರೆಯುವ ಹಕ್ಕಿದೆ. ಹೆಚ್ಚಿನವರು ತಮ್ಮ ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಸಭೆಯಲ್ಲಿ ಪಟ್ಟಿ ಐವತ್ತೆಂಟಕ್ಕೆ ಬಂದಾಗ ಹೊತ್ತಾಗಿರುತ್ತದೆ, ಚಹಾ ಬಂದಿರುತ್ತದೆ, ಎಲ್ಲರಿಗೂ ಮನೆಗೆ ಹೋಗುವ ಆತುರವಿರುತ್ತದೆ. ಯಾರೋ ಒಬ್ಬರು, ಇದೂ ಒಂದು ಇರಲಿ ಎನ್ನುತ್ತಾರೆ. ಆಗ ನಿಮ್ಮಲ್ಲಿ ಒಬ್ಬರಾದರೂ, ಇದು ಯಾರಿಗೆ ಬೇಕು ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಆ ಸಾಲನ್ನು ಶಾಯಿಯಿಂದ ಹೊಡೆದುಹಾಕಿರಿ. ಪೆನ್ಸಿಲ್ ಬೇಡ, ಅದು ರಟ್ಟಿನೊಳಗೆ ಸೇರಿಕೊಳ್ಳುತ್ತದೆ.

ನೀವು ಹೊಡೆದುಹಾಕಿದರೆ ನಾನು ಈ ಓಲೆ ಬರೆಯುವುದೇ ಇಲ್ಲವಂತೆ, ಅದು ನಿಮಗೆ ಮುಟ್ಟುವುದೂ ಇಲ್ಲವಂತೆ. ತಿಳಿದವರು ಹಾಗೆ ಹೇಳುತ್ತಾರೆ. ನನಗೆ ಅದು ಅರ್ಥವಾಗಿಲ್ಲ, ನೀವೂ ಬಿಡಿಸಲು ಹೋಗಬೇಡಿ. ಒಳಗೆ ಶಂಕ್ರವ್ವ ಊಟಕ್ಕೆ ಕರೆಯುತ್ತಿದ್ದಾಳೆ, ಎರಡು ತಟ್ಟೆ ಇಟ್ಟ ಸದ್ದಾಯಿತು. ಆ ಸಾಲು ಹೋದರೆ ಅವಳು ತನ್ನ ಮನೆಯಲ್ಲಿ ಉಣ್ಣುತ್ತಾಳೆ, ಇಲ್ಲಿ ಒಂದೇ ತಟ್ಟೆ ಇರುತ್ತದೆ. ನನ್ನದೇನೂ ಅಡ್ಡಿಯಿಲ್ಲ. ಹೊಡೆದುಹಾಕಿರಿ.

ನಿಮ್ಮ ಪಟ್ಟಿಯನ್ನು ಹದಿನೆಂಟು ವರ್ಷ ತಪ್ಪದೆ ಓದಿದ,
ಬಸಲಿಂಗವ್ವ