ಬಿಸಿಲಿಗೆ ಹರಡಿದ ಈಚಲು ಗರಿ

ಮಾರ್ಚ್ ೪, ಸೋಮವಾರ
ಹೂಕುಂಡಗಳಿಗೆ ನೀರು ಬಿಡುತ್ತಿದ್ದೆ. ಅಣ್ಣನ ಮಗಳು ಪುಟ್ಟಿ ಕಾಲೇಜಿನ ಲ್ಯಾಬಿನಿಂದ ಇಳಿದು ಬಂದಳು. ಈಚಲು ಗರಿ ಬೇಕಂತೆ. ಇಲ್ಲಿನ ಮಾಲಿಗಳಲ್ಲಿ ಮುಳ್ಳು ಚುಚ್ಚಿಸಿಕೊಳ್ಳದೆ ಈಚಲು ಕೊಯ್ಯುವವನು ನಾನೊಬ್ಬನೇ. (ಎರಡು ಚುಚ್ಚಿದವು. ಯಾರಿಗೂ ಹೇಳಲಿಲ್ಲ.)

“ಇದರಲ್ಲಿ ಫೀನಾಲ್ ಅಂತ ಇರುತ್ತೆ ಚಿಕ್ಕಪ್ಪ. ಅದು ಬೂಷ್ಟನ್ನ ತಡೆಯುತ್ತಾ ನೋಡ್ಬೇಕು. ಹೆಚ್ಚಿಟ್ಟ ಸೇಬು ಕಪ್ಪಾಗುತ್ತಲ್ಲ, ಆ ಥರ ಕೆಡೋದನ್ನೂ ತಡೆಯುತ್ತಂತೆ.”

“ನನ್ನ ಕೂದಲು ಬೆಳ್ಳಗಾಗೋದನ್ನ?”

“ಅದಕ್ಕೆ ಇಡೀ ಕಾಡೇ ಬೇಕು!”

ಈ ತಿಂಗಳೊಳಗೆ ಫಲ ತೋರಿಸದಿದ್ದರೆ ಸಂಶೋಧನೆಯ ವಿಷಯ ಬದಲಿಸು ಅಂದಿದ್ದಾರಂತೆ ಅವಳ ಮೇಡಂ. ಹಾಗಾದರೆ ಇಷ್ಟು ದಿನ ಓದಿದ್ದೆಲ್ಲ ಮಣ್ಣುಪಾಲು. ಗರಿಯನ್ನು ನೆರಳಲ್ಲೇ ಒಣಗಿಸಬೇಕು ಎಂದು ಹೇಳಿ ಹೋದಳು.

ಮಾರ್ಚ್ ೭
ನೆರಳಲ್ಲಿ ಒಣಗುವುದು ಯಾವ ಕಾಲಕ್ಕೆ? ತಾರಸಿಯ ಬಿಸಿಲಿಗೆ ಹರಡಿದ್ದೆ. ಮುರಿದರೆ ಪಟಪಟ.
“ಇಷ್ಟು ಬೇಗ!” ಅಂದಳು ಪುಟ್ಟಿ.
ಕೈಗುಣ ಅಂದೆ.

ಮಾರ್ಚ್ ೧೪
ಗರಿ ಪುಡಿ ಮಾಡಿ, ನೆನೆಸಿ, ಸೋಸಿ, ಆ ರಸವನ್ನು ಕಾಗದದ ಬಿಲ್ಲೆಗೆ ಹಚ್ಚಿ ಬೂಷ್ಟಿನ ತಟ್ಟೆಯಲ್ಲಿಟ್ಟಿದ್ದಳು. ಬೂಷ್ಟು ಬಿಲ್ಲೆಯನ್ನೇ ತುಳಿದುಕೊಂಡು ಬೆಳೆದಿದೆ.
“ಮುಗೀತು ಚಿಕ್ಕಪ್ಪ.”
ಊಟ ಮುಟ್ಟಲಿಲ್ಲ ಹುಡುಗಿ. ಬಿಸಿಲಿನ ವಿಷಯ ಹೇಳಿಬಿಟ್ಟೆ. ಬೈಯುತ್ತಾಳೆಂದು ತಲೆ ತಗ್ಗಿಸಿದರೆ… ಎದ್ದೇ ನಿಂತಳು!
“ಹಾಗಾದ್ರೆ ಫೀನಾಲ್ ಬಿಸಿಲಿಗೆ ಕೆಟ್ಟಿರಬಹುದು! ಇನ್ನೊಂದು ಹೊರೆ ತಂದ್ಕೊಡು. ಈ ಸಲ ನೆರಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಮತ್ತೆ ಕೈಗುಣ ತೋರಿಸಿದ್ಯೋ, ನೋಡು!”

ಮಾರ್ಚ್ ೧೮
ಗರಿ ನನ್ನ ಮಂಚದ ಕೆಳಗೆ. ಕಿಟಕಿಯಿಂದ ಬಿಸಿಲು ತೂರಿದರೆ ಟವೆಲ್ ಅಡ್ಡ ಕಟ್ಟುತ್ತೇನೆ.
“ನಾನು ಬಸುರಿ ಇದ್ದಾಗಲೂ ನೀವು ಇಷ್ಟು ನೋಡ್ಕೊಳ್ಲಿಲ್ಲ,” ಅಂದಳು ಹೆಂಡತಿ.
ಒಳಗೆ ಅದೇನಿದೆಯೋ… ತಡೆಯಲಾಗಲಿಲ್ಲ. ಚೂರು ಅಗಿದು ನೋಡಿದೆ. ಒಗರು. ಫೀನಾಲಿನ ರುಚಿ ಇದೇ ಇರಬೇಕು.

ಮಾರ್ಚ್ ೨೯
ಲ್ಯಾಬಿಗೆ ಕರೆದಳು. ಮುಚ್ಚಳ ಮುಟ್ಟದೆ ಬಗ್ಗಿ ನೋಡಿದೆ. ಬಿಸಿಲಿನ ಬಿಲ್ಲೆಗೆ ಬೂಷ್ಟಿನ ಕಂಬಳಿ. ನೆರಳಿನ ಬಿಲ್ಲೆಯ ಸುತ್ತ ಬೋಳು ಉಂಗುರ — ಬೂಷ್ಟು ಗೆರೆ ಎಳೆದಂತೆ ಅಲ್ಲೇ ನಿಂತಿದೆ! ಪುಟ್ಟಿ ನನ್ನ ತೋಳು ಚಿವುಟಿದಳು.
ಮೇಡಂ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
“ಇದನ್ನೇ ಮುಂದುವರಿಸು. ಅಂದಹಾಗೆ, ಬಿಸಿಲಿಂದೂ ಇಟ್ಟು ಹೋಲಿಸ್ಬೇಕು ಅಂತ ಯಾರಿಗೆ ಹೊಳೀತು?”
ಪುಟ್ಟಿ ಹುಬ್ಬೇರಿಸಿ ನನ್ನ ಕಡೆ ತಿರುಗಿದಳು. ಎದೆ ಉಬ್ಬಿಸಿದೆ. ಗಂಟಲು ಸರಿಮಾಡಿಕೊಂಡೆ. “ಅದು ಏನಾಯ್ತು ಅಂದ್ರೆ ಮೇಡಂ…” ಎಂದು ಶುರುಮಾಡಿ, ತಾರಸಿಯ ಬಿಸಿಲಿನಿಂದ ಮಂಚದ ಕೆಳಗಿನ ನೆರಳಿನವರೆಗೆ ಎಲ್ಲ ಹೇಳಿದೆ — ಗರಿ ಅಗಿದದ್ದೊಂದನ್ನು ಬಿಟ್ಟು.