ಒಡಕಲಕ್ಕ

ಅಕ್ಕಾ,

ಇವತ್ತು ಹೊಳೆದಡದ ಅಳತೆ ತೆಗೆಯುತ್ತಿದ್ದೆ. ಕೆಸರಲ್ಲಿ ಹುಳ ಹೆಕ್ಕುವ ಪುಟ್ಟ ಹಕ್ಕಿಯೊಂದು ನನ್ನೆದುರೇ ಬಿದ್ದು, ರೆಕ್ಕೆ ಎಳೆಯುತ್ತ ತೆವಳತೊಡಗಿತು.

"ಪಾಪ, ರೆಕ್ಕೆ ಮುರಿದಿದೆ, ಹಿಡೀರಿ ಸಾರ್," ಅಂದ ಡ್ರೈವರ್.

ಅದರ ಹಿಂದೆಯೇ ಹೋದೆ. ಅಷ್ಟು ದೂರ ಕರೆದೊಯ್ದು ಅದು ಭರ್ರನೆ ಹಾರಿಹೋಯಿತು. ತಿರುಗಿ ಬಂದು ನೋಡಿದರೆ, ನಾನು ಮೊದಲು ನಿಂತಿದ್ದ ಜಾಗದ ಪಕ್ಕದಲ್ಲೇ, ಕಲ್ಲುಗಳ ನಡುವೆ ಮೂರು ಮೊಟ್ಟೆಗಳಿದ್ದವು.

ಅಪ್ಪ ಬೆಲ್ಟ್ ಬಿಚ್ಚಿ ನನ್ನ ಕಡೆ ತಿರುಗಿದಾಗಲೆಲ್ಲ ನಿನ್ನ ಕೈಯಿಂದ ಲೋಟ ಜಾರಿ ಒಡೆಯುತ್ತಿತ್ತು. ಏಟು ನಿನಗೆ ಬೀಳುತ್ತಿತ್ತು. ಮನೆಯವರೆಲ್ಲ ನಿನ್ನನ್ನು 'ಒಡಕಲಕ್ಕ' ಅನ್ನುತ್ತಿದ್ದೆವು.

ಸಂಜೆ ಭಾವನಿಗೆ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಅಕ್ಕ ಎಷ್ಟು ಲೋಟ ಒಡೆದಿದ್ದಳು ಎಂದು ಕೇಳಿದೆ.

"ಅವಳಾ? ಸಾಯೋ ತನಕ ಅವಳ ಕೈಯಿಂದ ಒಂದು ಚಮಚಾನೂ ಜಾರಲಿಲ್ಲ ಕಣೋ."