ವನಜ ಬಡಿಸಿದ ಅಂಜಲ್

ಮಾನ್ಯ ಆಹಾರ ನಿರೀಕ್ಷಕರೇ,

ನಿನ್ನೆ ನಿಮ್ಮ ಕಚೇರಿಯಲ್ಲಿ ನಾನು ಹೇಳುತ್ತಿರುವಾಗಲೇ ನೀವು ಊಟಕ್ಕೆಂದು ಎದ್ದಿರಿ, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ. ವಿಷಯ ಅದೇ. ಮರವಂತೆಯಲ್ಲಿ ನನ್ನ ಪಕ್ಕದ ಮನೆಯ ವನಜಳ ಬಿಪಿಎಲ್ ಕಾರ್ಡನ್ನು ನೀವು ರದ್ದು ಮಾಡಿದ್ದೀರಿ. ಬುಟ್ಟಿ ಹೊತ್ತು ಮೀನು ಮಾರುವ ವಿಧವೆ ಅವಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಪದ್ದು. ಆ ಕಾರ್ಡಿನ ಅಕ್ಕಿಯೇ ಇಬ್ಬರ ಗಂಜಿ. ಈ ತಿಂಗಳು ಅಕ್ಕಿ ಬಂದಿಲ್ಲ.

ಕಾರಣ ಕೇಳಿದ್ದಕ್ಕೆ ವರದಿ ತೋರಿಸಿದಿರಿ. "ತನಿಖೆಯ ವೇಳೆ ಮನೆಯಲ್ಲಿ ದುಬಾರಿ ಅಂಜಲ್ ಮೀನಿನ ಅಡುಗೆ ಕಂಡುಬಂದಿದ್ದು, ಕುಟುಂಬವು ಅನುಕೂಲಸ್ಥವಾಗಿದೆ." ಎಲ್ಲಿ ಕಂಡುಬಂತು ಸ್ವಾಮಿ? ನಿಮ್ಮದೇ ಬಾಳೆಲೆಯ ಮೇಲಲ್ಲವೇ? ಎರಡನೆಯ ತುಂಡು ಬಡಿಸುವಾಗಲಾದರೂ ಸಾಕು ಎಂದಿರಾ?

ನಾನು ಮೀನು ತಿನ್ನುವವನಲ್ಲ, ಅಂಜಲಿನ ದರವೂ ತಿಳಿಯದು. ಆದರೆ ಅದು ಮಾರುವ ಬುಟ್ಟಿಯಿಂದ ತೆಗೆದದ್ದು ಎಂಬುದು ಗೊತ್ತು. ಆ ಅತ್ತೆ ಸೊಸೆಯರ ಪಾಲಿಗೆ ಮಾರಿ ಮಿಕ್ಕ ಅಗ್ಗದ ಬೂತಾಯಿ ಮೀನು, ಅದೂ ಮಿಕ್ಕರೆ. ಮನೆಯ ಕಷ್ಟ ಕಾಣಿಸಬೇಕಾದ ದಿನವೇ ಇಂಥ ದೊಡ್ಡಸ್ತಿಕೆ ಬೇಕಿತ್ತೇ ಎಂದು ವನಜಳನ್ನು ಗದರಿಸಿದೆ. ಅವಳು ತಲೆಯ ಬುಟ್ಟಿ ಇಳಿಸದೆಯೇ ಹೇಳಿದಳು:

"ಮನಿಗ್ ಬಂದರಿಗೆ ಬರೀ ಗಂಜಿ ಬಡ್ಸುಕ್ ಆತ್ತಾ ಹೊಳ್ರೆ? ಪಾಪ, ಬಿಸಿಲಂಗೆ ತಿರ್ಗಿ ಅವ್ರ್ ಮೋರೆ ಬಾಡಿತ್ ಕಾಣಿ."

ನಿಮ್ಮ ಮೋರೆಯ ಮಾತು, ಸ್ವಾಮಿ. ಕಾರ್ಡು ಹೋದ ಮೇಲೂ ಅವಳಿಗೆ ಅದೇ ನೆನಪು.

ಕುಂದಾಪುರದ ಕಾಲೇಜಿನಲ್ಲಿ ನಮಗೆ "ಚಾರಿಟಿ ಬಿಗಿನ್ಸ್ ಅಟ್" ಎಂದೇನೋ ಕಲಿಸಿದ್ದರು. ಮುಂದಿನದು ಹೋಮ್ ಎಂದೋ ಹೌಸ್ ಎಂದೋ, ಪರೀಕ್ಷೆಗೆ ಮಾತ್ರ ಓದಿದ್ದು, ಮರೆತಿದೆ. ದಾನಧರ್ಮ ಎಲ್ಲಿಂದಲಾದರೂ ಬಿಗಿನ್ ಆಗಲಿ. ನಿಮ್ಮ ಕಚೇರಿಯಲ್ಲಿ ಆಗಕೂಡದು ಎಂದು ಆದೇಶವೇನಾದರೂ ಇದೆಯೇ?

ಹಾಗೆ ನೋಡಿದರೆ ಇಷ್ಟು ಬರೆಯುವ ಯೋಗ್ಯತೆ ನನಗೂ ಇಲ್ಲ. ಅಂದು ಮೀನು ಹುರಿದ ವಾಸನೆ ನನ್ನ ಜಗಲಿಗೂ ಬಂದಿತ್ತು. ಇವಳಿಗೇನು ಕಮ್ಮಿ ಎಂದು ನಾನೂ ಅಂದುಕೊಂಡೆ. ನೀವು ಕೈ ತೊಳೆದು ನನ್ನಲ್ಲಿಗೆ ಬಂದು, ವರದಿಯಲ್ಲಿ ಸಾಕ್ಷಿಯ ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದಿರಿ. ಕನ್ನಡಕ ಒಳಗಿತ್ತು, ಏಳಲು ಬೇಸರವಾಯಿತು, ಓದದೆ ಗೀಚಿದೆ. ನನ್ನ ಹೆಂಡತಿ ವೇದಾವತಿ ಇದ್ದಿದ್ದರೆ ಕಾಗದ ಕಸಿದುಕೊಂಡು ಓದುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಆಮೇಲೆ ಯಾವುದನ್ನೂ ಪೂರ್ತಿ ಓದುವ ಮನಸ್ಸೇ ಬರುವುದಿಲ್ಲ, ಪೇಪರನ್ನೂ. ಅದು ನನ್ನ ಸಂಕಟ. ಅದಕ್ಕೆ ವನಜಳ ಗಂಜಿ ಯಾಕೆ ಹೋಗಬೇಕು?

ಇನ್ನೂ ಹೇಳಲಿಕ್ಕಿತ್ತು. ಬೆಳಕು ಇಳಿಯುತ್ತಿದೆ, ಬರೆದ ಅಕ್ಷರ ನನಗೇ ಕಾಣುತ್ತಿಲ್ಲ. ಆ ಸಹಿಯನ್ನು ಹಿಂತೆಗೆದುಕೊಂಡಿದ್ದೇನೆ. ಕಾರ್ಡನ್ನು ಮರಳಿ ಕೊಡಿ. ಅನುಮಾನವಿದ್ದರೆ ಇನ್ನೊಮ್ಮೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ. ಆದರೆ ಉಂಡು ಬನ್ನಿ. ಹಸಿದು ಬಂದರೆ ಅವಳು ಮತ್ತೆ ಬಡಿಸುತ್ತಾಳೆ.

ಇಂತಿ,
ನಿಮ್ಮ ವರದಿಯ ಒಂದನೇ ಸಾಕ್ಷಿ,
ವೈಕುಂಠ ಹೊಳ್ಳ, ಮರವಂತೆ